ಅಡಿಕೆ ಒಳಗೆ ಹಾಕಿ ಆಯ್ತಾ? ಒಂದು ಮದರಂಗಿ ರಾತ್ರಿಯ ಪ್ರಕರಣ

ಮದರಂಗಿಯ ರಾತ್ರಿ ಒಂದು ಹೊಡೆದಾಟವನ್ನು ಗೆಳೆಯರು ತಡೆಯಲು ನೋಡಿದ ಕತೆ ಇದು. ಇದರಲ್ಲಿ ಬರುವ ಐವರೂ ನಾನು ಪಾಠ ಹೇಳಿದ ಮಕ್ಕಳು. ಮಕ್ಕಳು ಅಂದರೆ ಈಗ ಇಪ್ಪತ್ತೈದು ದಾಟಿದವರು. ಒಬ್ಬಳಿಗೆ ನನ್ನ ಪೆನ್ಶನ್ನಿಗಿಂತ ಹೆಚ್ಚು ಸಂಬಳ. ಹೆಸರು, ಊರು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಸರಗೋಡಿನ ಬದಿಯಡ್ಕಕ್ಕೂ ಕುಂಬಳೆಗೂ ನಡುವೆ, ಗುಡ್ಡದ ಬದಿಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಬರೆಯಲು ಐವರೂ ಒಪ್ಪಿದ್ದಾರೆ. ಒಬ್ಬ ಮಾತ್ರ ಒಪ್ಪಲು ಎರಡು ತಿಂಗಳು ತೆಗೆದುಕೊಂಡ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಐವರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಆಮೇಲೆ ಒಟ್ಟಿಗೆ ಕೂರಿಸಿದೆ. ಕೊನೆಗೆ ಆ ರಾತ್ರಿಯ ಮೊಬೈಲ್ ವಿಡಿಯೊ ನೋಡಿದೆ. ಈ ಕ್ರಮವನ್ನು ತಿರುಗಿಸಬೇಕಿತ್ತು, ವಿಡಿಯೊ ಮೊದಲು ನೋಡಬೇಕಿತ್ತು ಅಂತ ಈಗ ಅನಿಸುತ್ತದೆ.

ಹಿನ್ನೆಲೆ

ಒಂದೇ ಕನ್ನಡ ಮಾಧ್ಯಮ ಶಾಲೆಯಲ್ಲಿ, ಒಂದೇ ಬೆಂಚಿನ ಆಸುಪಾಸಿನಲ್ಲಿ ಕೂತವರು. ದಿನು ಶಾರ್ಜಾದಲ್ಲಿ ಅಂಗಡಿ ಕೆಲಸಕ್ಕಿದ್ದಾನೆ. ಎರಡು ತಿಂಗಳ ರಜೆಯಲ್ಲಿ ಬಂದವನಿಗೆ ವಾಪಸು ಹೋಗಲು ಒಂಬತ್ತು ದಿನ ಉಳಿದಿತ್ತು. ಸಂತು ಪಿಕಪ್ ಓಡಿಸುತ್ತಾನೆ, ಮೈಯಲ್ಲಿ ಶಕ್ತಿ ಇದೆ, ಸ್ನೇಹಿತರ ವಿಷಯಕ್ಕೆ ಬಂದರೆ ಹಿಂದೆ ಮುಂದೆ ನೋಡುವವನಲ್ಲ. ಅಶ್ರು ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಕುಡಿಯುವುದಿಲ್ಲ, ಹಾಗಾಗಿ ಎಲ್ಲ ಕಾರ್ಯಕ್ರಮಗಳಿಗೂ ಅವನೇ ಡ್ರೈವರ್. ವಿದ್ಯಾ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಎಲ್ಲರಿಗಿಂತ ಸಣ್ಣವ ಪುಟ್ಟ, ಮಾತು ಕಡಿಮೆ.

ಕಾರ್ಯಕ್ರಮ, ಇವರ ಕ್ಲಾಸಿನವಳೇ ಒಬ್ಬಳ ಮದುವೆಯ ಮುನ್ನಾ ದಿನದ ಮದರಂಗಿ. ನಮ್ಮ ಕಾಲದಲ್ಲಿ ಮದುವೆಯ ಹಿಂದಿನ ರಾತ್ರಿ ಅಂದರೆ ನೆರೆಕರೆಯವರು ಸೇರಿ ಸೌತೆ ಕೊರೆಯುವುದು, ಕಾಯಿ ಹೆರೆಯುವುದು, ಮಧ್ಯೆ ಒಂದು ಚಾ. ಈಗ ಅದರ ಜೊತೆಗೆ ಡಿಜೆ, ಬಣ್ಣದ ಲೈಟು, ಮನೆಯ ಹಿಂದೆ ಗೇರುಮರದ ಬುಡದಲ್ಲಿ ಗಡಿಯಾಚೆಯಿಂದ ಬಂದ ಅಗ್ಗದ ಬಾಟಲಿ. ಒಂದೇ ಅಂಗಳದಲ್ಲಿ ಎರಡು ರಾತ್ರಿಗಳು. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ಆ ಹಳೆಯ ರಾತ್ರಿ ಇನ್ನೂ ಹಿತ್ತಿಲಲ್ಲಿ ನಡೆಯುತ್ತಿದ್ದುದರಿಂದಲೇ ಮುಂದೆ ಒಂದು ಉಪಕಾರವಾಯಿತು.

ಸಮಸ್ಯೆ ಎಲ್ಲಿತ್ತು ಅಂದರೆ, ಮದುಮಗಳ ತಮ್ಮ ಆಚೆ ಊರಿನ ಕ್ಲಬ್ಬಿಗೆ ಕಬಡ್ಡಿ ಆಡುವವನು. ಮೂರು ವರ್ಷದ ಹಿಂದೆ ಒಂದು ಹೊನಲು ಬೆಳಕಿನ ಪಂದ್ಯಾಟದಲ್ಲಿ ಆ ಕ್ಲಬ್ಬಿನ ಒಬ್ಬ ರೈಡರಿಗೂ ದಿನುವಿಗೂ ಗೆರೆ ತುಳಿದ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಆ ರೈಡರನ್ನು ಇಲ್ಲಿ ಜೆರ್ಸಿಯವ ಅನ್ನುತ್ತೇನೆ. ಅವನು ಮದರಂಗಿಗೂ ಜೆರ್ಸಿ ಹಾಕಿಕೊಂಡೇ ಬಂದಿದ್ದ. ಅದೂ ಅಲ್ಲದೆ, ಹಿಂದಿನ ಸಲ ರಜೆಗೆ ಬಂದಾಗ ದಿನು ಬೇರೊಂದು ಕಡೆ ಒಬ್ಬನ ಹಲ್ಲು ಮುರಿದು, ಹಿರಿಯರು ಕೂತು 35,000 ರೂಪಾಯಿಗೆ ರಾಜಿ ಮಾಡಿಸಿದ್ದರು. ಹುಡುಗರಿಗೆ ಗೊತ್ತಿರಲಿಲ್ಲ, ನಾನೇ ಆಮೇಲೆ ಹೇಳಿದೆ: ಕಾನೂನಿನ ಲೆಕ್ಕದಲ್ಲಿ ಹಲ್ಲು ಮುರಿದರೆ ಅದು ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 117(2)ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಬರಿಯ ನೋವು ಅಂತಾದರೆ 115(2), 1 ವರ್ಷದವರೆಗೆ. ಒಂದು ಹಲ್ಲಿನ ಅಂತರ ಅಷ್ಟು. ಗಲ್ಫಿಗೆ ಹೋಗುವವನಿಗೆ ಕೇಸು ಅಂದರೆ ಏನು ಅಂತ ಕಾಸರಗೋಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಆದ ಮಾತುಕತೆ

ಸಂಜೆ ಆರಕ್ಕೆ ಅಶ್ರುವಿನ ಅಂಗಡಿಯಲ್ಲಿ ನಾಲ್ವರು ಸೇರಿದರು. ವಿಷಯ ಎತ್ತಿದ್ದು ವಿದ್ಯಾ. ದಿನುವಿನ ಎದುರೇ ಎತ್ತಿದಳು, ಅದು ಒಳ್ಳೆಯದಾಯಿತು. ಬೆನ್ನ ಹಿಂದೆ ಪ್ಲಾನ್ ಮಾಡಿದ್ದರೆ ಅವನು ಆ ರಾತ್ರಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

"ಅವರು ಬಂದೇ ಬರ್ತಾರೆ ಮಾರಾಯ. ನಿಂಗೆ ತಲೆ ಬಿಸಿ ಆದ್ರೆ ನಾವೆಂತ ಮಾಡ್ಬೇಕು, ಈಗಲೇ ಹೇಳು."

ದಿನು ನಕ್ಕು, "ಎಳ್ಕೊಂಡು ಹೋಗಿ" ಅಂದ. ನಾಲ್ಕು ವಿಷಯ ನಿಶ್ಚಯವಾಯಿತು. ಹೋದ ಕೂಡಲೇ ಊಟ, ಆಮೇಲೆ ಉಳಿದದ್ದು. ಕಾರನ್ನು ಮೂತಿ ರಸ್ತೆಗೆ ಮಾಡಿ ನಿಲ್ಲಿಸುವುದು, ಕೀ ಅಶ್ರುವಿನ ಹತ್ತಿರವೇ. ಡಿಜೆ ನಿಲ್ಲುವುದಕ್ಕೆ ಹತ್ತು ನಿಮಿಷ ಮೊದಲೇ ಹೊರಡುವುದು. ಮತ್ತೆ ಒಂದು ಗುಟ್ಟಿನ ಮಾತು. ಯಾರಾದರೂ "ಅಡಿಕೆ ಒಳಗೆ ಹಾಕಿ ಆಯ್ತಾ?" ಅಂತ ಕೇಳಿದರೆ ಎದ್ದು ಹೊರಡುವುದು, ಯಾಕೆ ಅಂತ ಕೇಳುವ ಹಾಗಿಲ್ಲ. ಅಂಗಳದಲ್ಲಿ ಅಡಿಕೆ ಒಣಗುವ ಕಾಲ, ಮೋಡವೂ ಇತ್ತು, ಯಾರಿಗೂ ಸಂಶಯ ಬರುವ ಪ್ರಶ್ನೆಯಲ್ಲ. ಈ ಮಾತು ಹುಡುಕಿದ್ದು ಪುಟ್ಟ.

ಸಂತು ಬಾಡಿಗೆಗೆ ಹೋಗಿದ್ದ. ಅವನಿಗೆ ಆಮೇಲೆ ಹೇಳಿದರಾಯಿತು ಅಂದುಕೊಂಡರು. ಹೇಳಲಿಲ್ಲ.

ಕೈಗಡಿಯಾರ

ಒಂಬತ್ತು ಗಂಟೆಯ ಹೊತ್ತಿಗೆ ಜೆರ್ಸಿಯವನ ಗುಂಪು ಬಂತು, ಆರೇಳು ಜನ. ಆಗ ದಿನು ಏನೂ ಮಾಡಲಿಲ್ಲ, ಏನೂ ಹೇಳಲಿಲ್ಲ. ಕೈಯಿಂದ ಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಮುಂಡು ಎತ್ತಿ ಕಟ್ಟಿದ. ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದವನ ಬಾಯಿ ನಿಂತಿತು. ಗಮನಿಸಿದ್ದು ವಿದ್ಯಾ ಒಬ್ಬಳೇ. "ವಾರ್ಡಿನಲ್ಲಿಯೂ ಹಾಗೆ ಮಾಷ್ಟ್ರೇ, ಬೊಬ್ಬೆ ಹಾಕುವವನಿಗಿಂತ ಮಾತು ನಿಲ್ಲಿಸಿದವನನ್ನು ನೋಡ್ಬೇಕು" ಅಂದಳು ನನ್ನ ಹತ್ತಿರ.

ಅವಳು ಮೊದಲು ಮಾಡಿದ್ದು ತಪ್ಪಾಯಿತು. ಹತ್ತಿರ ಹೋಗಿ ಮೆಲ್ಲಗೆ, "ದಿನು, ವೀಸಾ ನೆನಪಿರಲಿ, ಒಂಬತ್ತು ದಿನ ಉಂಟು" ಅಂದಳು. ಅವನು ಸಿಡುಕಿದ: "ನಂಗೆ ಹೆದರಿಕೆ ಅಂತ ಮಾಡಿದ್ಯಾ?" ಬುದ್ಧಿಮಾತು ಸವಾಲಾಗಿ ಕೇಳಿಸಿತು. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಇದನ್ನು ವಿವರಿಸಿದ್ದಾರೆ. ಕುಡಿದವನ ಗಮನ ಕಿರಿದಾಗುತ್ತದೆ, ಕಣ್ಣೆದುರಿಗೆ ಇದ್ದದ್ದು ಮಾತ್ರ ದೊಡ್ಡದಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಒಂಬತ್ತು ದಿನದ ಆಚೆಯ ವಿಮಾನ ಅವನಿಗೆ ಎಲ್ಲಿ ಕಾಣಬೇಕು? ಎದುರಿಗೆ ಜೆರ್ಸಿ ಕಾಣುತ್ತಿತ್ತು. ಹಾಗಾದರೆ ಅದಕ್ಕಿಂತ ಹತ್ತಿರದ್ದೊಂದನ್ನು ತಂದು ಅಡ್ಡ ಇಡಬೇಕು.

ಅದು ತಾನಾಗಿಯೇ ಬಂತು. ಮದುಮಗಳ ದೊಡ್ಡಮ್ಮ ಹಿತ್ತಿಲ ಕಡೆಯಿಂದ ಬಂದು ದಿನುವಿನ ಮಣಿಕಟ್ಟು ಹಿಡಿದರು. "ಏ ದಿನೂ, ಶಾಲೆಗೆ ಹೋಗುವಾಗ ನೂರು ಕಾಯಿ ಹೆರೆಯುತ್ತೇನೆ ಅಂತಿದ್ದಿ, ಬಾ ನೋಡುವ." ಅವರಿಗೆ ಜಗಳದ ಗಂಧಗಾಳಿ ಗೊತ್ತಿರಲಿಲ್ಲ, ಹೆರೆಯಲು ಜನ ಕಡಿಮೆ ಇತ್ತು ಅಷ್ಟೆ. ಅವನು ಹೋದ. ಹೆರೆಮಣೆಯ ಮೇಲೆ ಕೂತು ಅರ್ಧ ಗಂಟೆ ಕಾಯಿ ಹೆರೆದ. ಸುತ್ತ ಹೆಂಗಸರು ಅವನ ಶಾರ್ಜಾದ ಅಡುಗೆಯ ಬಗ್ಗೆ ತಮಾಷೆ ಮಾಡುತ್ತಿದ್ದರು. ವಿದ್ಯಾ ಪಕ್ಕದಲ್ಲಿ ಕೂತು ಅವನ ಜೇಬಿನಿಂದ ಗಡಿಯಾರ ತೆಗೆದು, ಕಾಯಿಯ ನೀರು ತಾಗಬಾರದು ಅಂತ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಅರ್ಧ ಗಂಟೆ. ಯಾರೂ ಅವನಿಗೆ ಶಾಂತನಾಗು ಅನ್ನಲಿಲ್ಲ. ಕೈಗೆ ಕೆಲಸ ಕೊಟ್ಟರು, ಕೂರಿಸಿದರು, ಅವನು ಯಾರ ಮಗ ಯಾರ ಮೊಮ್ಮಗ ಅಂತ ನೆನಪಾಗುವ ಜಾಗದಲ್ಲಿ ಕೂರಿಸಿದರು. ಅವನ ಮರ್ಯಾದೆಗೆ ಒಂದು ಗೀರೂ ಬೀಳಲಿಲ್ಲ.

ತಪ್ಪಿಹೋದ ಹತ್ತು ನಿಮಿಷ

ಧ್ವನಿವರ್ಧಕ ರಾತ್ರಿ 10ರ ನಂತರ ಇಡುವ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಹಾಗೆ ಇದೆ. ಈ ಮನೆಯವರು ಸರಿಯಾಗಿ ಹತ್ತಕ್ಕೆ ನಿಲ್ಲಿಸಿದರು. ಮೊದಲೇ ಹೊರಡಬೇಕಾದವರು ಹೊರಡಲಿಲ್ಲ. ಮದುಮಗಳ ಜೊತೆ ಫೋಟೊ ಬಾಕಿ ಇತ್ತು. ಫೋಟೊಗ್ರಾಫರ್ ಮದುಮಗಳ ಅತ್ತೆಯಂದಿರನ್ನು ಸಾಲು ನಿಲ್ಲಿಸುವುದರಲ್ಲಿ ಇಪ್ಪತ್ತು ನಿಮಿಷ ಕಳೆದ. ಹಾಡು ನಿಂತಿತು, ನಲಿಯುತ್ತಿದ್ದ ಅಷ್ಟೂ ಜನ ಒಮ್ಮೆಲೇ ಅಂಗಳದಿಂದ ಗೇಟಿನ ಕಡೆಗೆ ಬಂದರು. ಕತ್ತಲೆ, ಇಕ್ಕಟ್ಟು, ಒಂದರ ಹಿಂದೆ ಒಂದು ಬೈಕು. ಕೈಗೂ ಕಿವಿಗೂ ಕೆಲಸವಿಲ್ಲ. ಕಾರ್ಯಕ್ರಮ ಮುಗಿಯುವಾಗ ಬೀಳುವ ಪೆಟ್ಟು ನಡೆಯುವಾಗ ಬೀಳುವುದಿಲ್ಲ ಅಂತ ಭೂತದ ನೇಮ, ಯಕ್ಷಗಾನದ ಆಟ, ಪಂದ್ಯಾಟ ಎಲ್ಲ ನೋಡಿದ ನಾನು ಧೈರ್ಯವಾಗಿ ಹೇಳುತ್ತೇನೆ.

ಜೆರ್ಸಿಯವನ ಬೈಕು ಇವರ ಕಾರಿನ ಹಿಂದೆ ಸಿಕ್ಕಿಕೊಂಡಿತ್ತು. ಅವನು ಯಾರಿಗೆ ಅಂತ ಇಲ್ಲದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಔಟ್ ಆದವರು ಬೇಗ ಕೋರ್ಟ್ ಬಿಟ್ರೆ ಉಳಿದವರಿಗೆ ಆಡ್ಬಹುದಿತ್ತು."

ದಿನು ತಿರುಗಿದ. ಕನ್ನಡ ಬಿಟ್ಟು ತುಳುವಿಗೆ ಹೊರಳಿದ, ಅದು ಅವನ ಸಿಟ್ಟಿನ ಭಾಷೆ. ಪುಟ್ಟ ಕೂಡಲೇ ಕೇಳಿದ: "ಅಡಿಕೆ ಒಳಗೆ ಹಾಕಿ ಆಯ್ತಾ?"

ಉತ್ತರ ಕೊಟ್ಟದ್ದು ಸಂತು. "ನಿನ್ನೆಯೇ ಹಾಕಿದ್ದೇವಲ್ಲ ಮಾರಾಯ, ಈಗ ಎಂತಕ್ಕೆ ಅದು?"

ಐವರೂ ಒಟ್ಟಿಗೆ ಕೂತು ಇದನ್ನು ನನಗೆ ಹೇಳುವಾಗ ಎಲ್ಲರೂ ನಕ್ಕರು, ಸಂತುವೂ ನಕ್ಕ. ಆ ರಾತ್ರಿ ಅದು ನಗುವ ವಿಷಯ ಆಗಿರಲಿಲ್ಲ. ದಿನು ಒಂದು ಹೆಜ್ಜೆ ಮುಂದೆ ಇಟ್ಟ, ಸಂತು ಹಿಂದಿನಿಂದ ಅವನ ಎರಡೂ ತೋಳು ತಬ್ಬಿ ಹಿಡಿದ. ಊರಿನಲ್ಲಿ ನಾವೆಲ್ಲ ಕಲಿತ ಬಿಡಿಸುವ ಕ್ರಮ ಇದು. ಇದರ ದೋಷ ಏನು ಅಂದರೆ ನಮ್ಮವನ ಎರಡು ಕೈ ಕಟ್ಟಿದ ಹಾಗೆ, ಎದುರಿನವನ ಕೈ ಬಿಟ್ಟ ಹಾಗೆ. ಜೆರ್ಸಿಯವನ ಪಕ್ಕದಲ್ಲಿ ಇದ್ದ ಯಾರೋ ದಿನುವಿನ ಕೆನ್ನೆಗೆ ಹೊಡೆದ. ಹಿಡಿಸಿಕೊಂಡು ಪೆಟ್ಟು ತಿಂದ ಅವಮಾನ, ಪೆಟ್ಟಿಗಿಂತ ಹೆಚ್ಚು. ಅಲ್ಲಿಗೆ ಮೊಬೈಲುಗಳು ಮೇಲೆದ್ದವು. ಕ್ಯಾಮೆರಾದ ಬೆಳಕು ಮುಖಕ್ಕೆ ಬಿದ್ದಮೇಲೆ ಇಬ್ಬರಿಗೂ ಹಿಂದೆ ಸರಿಯಲು ಜಾಗವಿಲ್ಲ.

ಪುಟ್ಟ ನಡುವೆ ನುಗ್ಗಿದ. ನೂಕಾಟದಲ್ಲಿ ಹಿಂದಕ್ಕೆ ಬಿದ್ದ. ಗೇಟಿನ ಬದಿಯ ಮುರಕಲ್ಲಿನ ಕಟ್ಟೆಗೆ ಹಿಂದಲೆ ತಾಗಿದ ಶಬ್ದ ಕೇಳಿತು ಅಂತ ಎಲ್ಲರೂ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಐವರ ಕತೆಯೂ ಒಂದೇ.

ಎರಡು ನಿಮಿಷ, ಇಬ್ಬರ ತೀರ್ಮಾನ

ಜಗಳ ಬಿಡಿಸಲು ಯಾರೂ ಬರುವುದಿಲ್ಲ ಅನ್ನುವುದು ಪೇಟೆಯ ಮಾತು. ಪೇಟೆಯಲ್ಲಿಯೂ ಅದು ಅಷ್ಟು ನಿಜವಲ್ಲ: ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ 219 ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಕಡೆ ಯಾರಾದರೂ ಒಬ್ಬರಾದರೂ ಮಧ್ಯೆ ಬಂದಿದ್ದರು. ನಮ್ಮ ಗೇಟಿನ ಹತ್ತಿರ ಹನ್ನೊಂದು ಜನ ಬಿಡಿಸಲು ಬಂದಿದ್ದರು, ನಾನು ವಿಡಿಯೊದಲ್ಲಿ ಎಣಿಸಿದ್ದೇನೆ. ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ಎಳೆಯುತ್ತಿದ್ದರು.

ವಿದ್ಯಾ ದಿನುವಿನ ಹತ್ತಿರ ಹೋಗಲಿಲ್ಲ. ಎದುರು ಗುಂಪಿನಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗ ಹಿಂದೆ ನಿಂತು "ಬೇಡ ಬೇಡ" ಅನ್ನುತ್ತಿದ್ದ. ನೇರ ಅವನ ಹತ್ತಿರ ಹೋಗಿ ಹೇಳಿದಳು: "ನಿಮ್ಮವರನ್ನು ನೀವು ಹಿಂದೆ ಕರ್ಕೊಳ್ಳಿ, ನಮ್ಮವರನ್ನು ನಾವು. ನಮ್ಮವರಿಗೆ ನೀವು ಕೈ ಹಾಕ್ಬೇಡಿ." ಕನ್ನಡಕದವ ಜೆರ್ಸಿಯವನ ಎದುರು, ಮುಖಕ್ಕೆ ಮುಖ ಕೊಟ್ಟು ನಿಂತು, ಎದೆಯ ಮೇಲೆ ಬರಿಗೈ ಇಟ್ಟು ಹಿಂದೆ ಹಿಂದೆ ನಡೆಸಿದ. ತೋಳು ಹಿಡಿಯಲಿಲ್ಲ. ಎಲ್ಲಿ ಕಲಿತನೋ.

ಅಶ್ರು ಆ ಹೊತ್ತಿಗೆ ಗುಂಪಿನಲ್ಲಿ ಇರಲಿಲ್ಲ. ಮರುದಿನ ಊರಿನವರು ಕೆಲವರು ಅವನನ್ನು ಪುಕ್ಕಲ ಅಂದರು. ಅವನ ಉತ್ತರ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು: "ನಾನು ನಡುವೆ ಹೋದ್ರೆ ಜಗಳದ ಹೆಸರೇ ಬದಲಾಗ್ತದೆ ಮಾಷ್ಟ್ರೇ. ಆಗ ಅದು ಕಬಡ್ಡಿ ಜಗಳ ಅಲ್ಲ." ಬೇರೆ ಧರ್ಮದವನು ನಡುವೆ ಬಂದರೆ ಅದು ಕೋಮಿನ ಜಗಳವಾಗುತ್ತದೆ ಅಂತ ಅವನ ಅರ್ಥ. ಗಡಿನಾಡಿನಲ್ಲಿ ಬದುಕಿದವರಿಗೆ ಈ ವಾಕ್ಯದ ಭಾರ ಗೊತ್ತು. ಅವನು ಮಾಡಿದ್ದು ಇಷ್ಟು: ಹಿತ್ತಿಲಿಗೆ ಓಡಿ ಮದುಮಗಳ ಸೋದರಮಾವನನ್ನು ಎಬ್ಬಿಸಿದ, ಬೈಕನ್ನು ಕೈಯಿಂದ ಎತ್ತಿ ಬದಿಗಿಟ್ಟ, ಕಾರನ್ನು ದಿನುವಿನ ಮೊಣಕಾಲಿನ ತನಕ ತಂದು ಹಿಂದಿನ ಬಾಗಿಲು ತೆರೆದ. "ಪುಟ್ಟನ ತಲೆ ಒಡೆದಿದೆ. ನೀನು ಹಿಂದೆ ಕೂತು ಅವನ ತಲೆ ಹಿಡ್ಕೊಳ್ಬೇಕು. ಬೇರೆ ಯಾರೂ ಇಲ್ಲ."

ದಿನು ಕಾರು ಹತ್ತಿದ. ಜಗಳದಿಂದ ಓಡಿದವನಾಗಿ ಅಲ್ಲ, ಗೆಳೆಯನ ತಲೆ ಮಡಿಲಲ್ಲಿ ಇಟ್ಟುಕೊಂಡವನಾಗಿ. ಆ ಹೊತ್ತಿಗೆ ಸೋದರಮಾವ ಲುಂಗಿಯಲ್ಲಿ ಬಂದು ಗೇಟಿನಲ್ಲಿ ನಿಂತು, ನಾಳೆ ಈ ಮನೆಯಲ್ಲಿ ಮದುವೆ ಉಂಟು ಅಂತ ಒಂದೇ ಮಾತು ಹೇಳಿದರಂತೆ.

ತಲಪಾಡಿಯ ಆಚೆ

ಪುಟ್ಟ ಎದ್ದು ಕೂತಿದ್ದ, ಮಾತಾಡುತ್ತಿದ್ದ. ಅವನೂ ಒಂದು ಬಿಯರ್ ಕುಡಿದಿದ್ದ. ಮನೆಯವರು, ನೆರೆಯವರು ಎಲ್ಲ "ಎಣ್ಣೆ ಜಾಸ್ತಿ ಆಗಿದೆ, ಮಲಗಿಸಿ, ಬೆಳಿಗ್ಗೆ ಸರಿಯಾಗ್ತದೆ" ಅಂದರು. ವಿದ್ಯಾ ಒಪ್ಪಲಿಲ್ಲ. ತಲೆಗೆ ಪೆಟ್ಟು ಬಿದ್ದವ ಮೊದಮೊದಲು ಚೆನ್ನಾಗಿಯೇ ಮಾತಾಡಿ, ಒಳಗೆ ರಕ್ತ ಕಟ್ಟುತ್ತ ಬಂದಹಾಗೆ ಗಂಟೆಗಳ ನಂತರ ಮಂಪರಿಗೆ ಜಾರಬಹುದು. ಕುಡಿದವನಾದರೆ ಆ ಮಂಪರನ್ನು ಎಲ್ಲರೂ ನಶೆಯ ನಿದ್ದೆ ಅಂದುಕೊಳ್ಳುತ್ತಾರೆ. ಕುಂಬಳೆ ತಲುಪುವ ಮೊದಲೇ ಅವನು ಎರಡು ಸಲ ವಾಂತಿ ಮಾಡಿದ. ಹೈವೇ ಹಿಡಿದು ನೇರ ಮಂಗಳೂರಿಗೆ ಹೋದರು. ನಮ್ಮ ಕಡೆ ಜೀವಕ್ಕೆ ಬಂದಾಗ ಕಾಲು ಆ ಕಡೆಗೇ ಹೋಗುತ್ತದೆ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಅದು ಎಷ್ಟು ಕಷ್ಟಕ್ಕೆ ಬಂತು ಅಂತ ಈ ಭಾಗದ ಎಲ್ಲರಿಗೂ ನೆನಪಿದೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೂರು ಹೊಲಿಗೆ, ಒಂದು ದಿನದ ನಿಗಾ. ಹೇಗಾಯಿತು ಅಂತ ಕೇಳಿದ್ದಕ್ಕೆ ಪುಟ್ಟ "ಬಿದ್ದೆ" ಅಂದ. ನೂಕಾಟ ಅಂತ ಹೇಳಬೇಕಿತ್ತು, ಆಸ್ಪತ್ರೆಯ ದಾಖಲೆಯಲ್ಲಿ ಅದು ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಮುಂದೆ ಅವನಿಗೆ ಏನಾದರೂ ಆದರೆ ಅದೊಂದೇ ಆಧಾರ. ವಿದ್ಯಾಳಿಗೂ ನನಗೂ ಇದರಲ್ಲಿ ಇನ್ನೂ ಒಮ್ಮತವಿಲ್ಲ. ಆಯ್ಕೆ ಗಾಯವಾದವನದು, ನಮ್ಮದಲ್ಲ ಅನ್ನುತ್ತಾಳೆ.

ಮರುದಿನದ ಜಗಳ

ನಡೆಯಬೇಕಿದ್ದ ದೊಡ್ಡ ಜಗಳ ಮರುದಿನದ್ದು. ಬೆಳಿಗ್ಗೆ ವಾಟ್ಸಾಪಿನಲ್ಲಿ 40 ಸೆಕೆಂಡಿನ ವಿಡಿಯೊ ಬಂತು, ಪುಟ್ಟನನ್ನು ಆಚೆ ಊರಿನವರು ನೂಕಿ ಕೊಲ್ಲಲು ನೋಡಿದರು ಅನ್ನುವ ಒಕ್ಕಣೆಯ ಜೊತೆ. ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಇಪ್ಪತ್ತು ಹುಡುಗರು. ಮುಂದೆ ನಿಂತವನು ಸಂತು.

ಅಶ್ರು ಅವನೊಬ್ಬನನ್ನೇ ಅಂಗಡಿಯ ಒಳಗೆ ಕರೆದು ಶಟರ್ ಅರ್ಧ ಎಳೆದ. ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ, ನಿಧಾನ ಮಾಡಿ ತೋರಿಸಿದ. ನಾನೂ ಅದನ್ನು ನಾಲ್ಕು ಸಲ ನೋಡಿದ್ದೇನೆ. ಕೆನ್ನೆಗೆ ಪೆಟ್ಟು ಬಿದ್ದ ಕೂಡಲೇ ಸಂತು ದಿನುವನ್ನು ಬಿಟ್ಟು, ಹೊಡೆದವನ ಕಡೆಗೆ ಹೋಗಲು ಬಲಗೈಯನ್ನು ಬೀಸಿ ದಾರಿ ಮಾಡಿಕೊಳ್ಳುತ್ತಾನೆ. ಆ ಕೈಯ ದಾರಿಯಲ್ಲಿ ಪುಟ್ಟ ಇದ್ದ. ಆಚೆ ಊರಿನವರು ಅವನನ್ನು ಮುಟ್ಟಿಯೇ ಇಲ್ಲ.

ಸಂತು ಎಷ್ಟು ಹೊತ್ತು ಕೂತಿದ್ದ ಅಂತ ಕೇಳಿದೆ. ಅಶ್ರು ಹೇಳಿದ, ಒಂದು ಫೋನಿಗೆ ಹೊಸ ಡಿಸ್‌ಪ್ಲೇ ಹಾಕಿ ಮುಗಿಯುವಷ್ಟು ಹೊತ್ತು. ಆಮೇಲೆ ಸಂತುವೇ ಹೊರಗೆ ಹೋಗಿ ಹುಡುಗರನ್ನು ಕಳಿಸಿದ. ಏನು ಹೇಳಿ ಕಳಿಸಿದ ಅಂತ ನನಗೆ ಹೇಳಿಲ್ಲ. ಅಶ್ರು ಆ ವಿಡಿಯೊವನ್ನು ಎಲ್ಲರೆದುರು ಹಾಕಿದ್ದರೆ ಸಂತು ಮುರಿದುಹೋಗುತ್ತಿದ್ದ, ಅಥವಾ ಸುಳ್ಳು ಅಂತ ವಾದಿಸಿ ಇನ್ನಷ್ಟು ಗಟ್ಟಿಯಾಗುತ್ತಿದ್ದ. ರಾತ್ರಿ ಬೆಂಕಿಗೆ ತುಪ್ಪ ಹೊಯ್ದದ್ದು ಮೊಬೈಲು, ಬೆಳಿಗ್ಗೆ ನೀರು ಹೊಯ್ದದ್ದೂ ಅದೇ. ಅರ್ಧ ಎಳೆದ ಶಟರ್ ಇಲ್ಲದಿದ್ದರೆ ಆ ನೀರೂ ಆರಿಸುತ್ತಿರಲಿಲ್ಲ.

ಬರೆಯಲು ಒಪ್ಪಿಗೆ ಕೊಡಲು ಎರಡು ತಿಂಗಳು ತೆಗೆದುಕೊಂಡವನು ಇವನು.

ಈಗ

ದಿನು ಒಂಬತ್ತನೇ ದಿನ ವಿಮಾನ ಹತ್ತಿದ. ಗಡಿಯಾರ ಇನ್ನೂ ವಿದ್ಯಾಳ ಬ್ಯಾಗಿನಲ್ಲೇ ಇದೆ. ಜೆರ್ಸಿಯವನ ಜೊತೆ ರಾಜಿ ಅಂತ ಏನೂ ಆಗಿಲ್ಲ. ದಿನು ಹೋಗುವ ತನಕ ಎದುರು ಸಿಕ್ಕಿದರೆ ಇಬ್ಬರೂ ರಸ್ತೆಯ ಬದಿ ಬದಲಿಸುತ್ತಿದ್ದರು ಅಂತ ಕನ್ನಡಕದ ಹುಡುಗ ಹೇಳಿದ. ಅವನು ಈಗ ಅಶ್ರುವಿನ ಅಂಗಡಿಗೆ ಬರುತ್ತಾನೆ.

ಪುಟ್ಟನಿಗೆ ಹೊಲಿಗೆ ಬಿಚ್ಚಿದ ಮೇಲೆ ಗೊತ್ತಾಯಿತು, ವಾಸನೆ ಬರುವುದಿಲ್ಲ. ಹಿಂದಲೆಗೆ ಪೆಟ್ಟು ಬಿದ್ದಾಗ ಮಿದುಳು ಅಲುಗಾಡಿ ಮೂಗಿನ ಮೇಲುಗಡೆಯ ಸಪೂರ ನರಗಳು ಹರಿದುಹೋಗಬಹುದಂತೆ. ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ. ಮೊನ್ನೆ ನಮ್ಮ ಮನೆಗೆ ಬಂದವ ಒಲೆಯ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದ, ಹಾಲು ಸೀದು ನಾನು ಹೊರಗಿನಿಂದ ಓಡಿ ಬಂದೆ. ಅವನಿಗೆ ಗೊತ್ತೇ ಆಗಿರಲಿಲ್ಲ.

ಮೇ ತಿಂಗಳಿನಲ್ಲಿ ಇನ್ನೊಂದು ಮದರಂಗಿ ಇತ್ತು. ಈ ಸಲ ಆರು ಗಂಟೆಗೆ ಅಂಗಡಿಗೆ ಮೊದಲು ಬಂದವನು ಸಂತು, ಬಾಡಿಗೆ ಬಿಟ್ಟು. ಗುಟ್ಟಿನ ಮಾತು ಬದಲಿಸಬೇಕಾಯಿತು. ಹಳೆಯದು ಊರೆಲ್ಲ ಹಬ್ಬಿದೆ. ಈಗ ಯಾವ ಕಾರ್ಯಕ್ರಮದಲ್ಲಿ ಯಾರ ದನಿ ಸ್ವಲ್ಪ ಏರಿದರೂ, ಗುರುತಿಲ್ಲದವರು ಕೂಡ ಹಿಂದಿನಿಂದ ಕೇಳುತ್ತಾರೆ, ಅಡಿಕೆ ಒಳಗೆ ಹಾಕಿ ಆಯ್ತಾ ಅಂತ. ಹೊಸದು ಏನು ಅಂತ ಐವರೂ ನನಗೆ ಹೇಳಲಿಲ್ಲ.